ಪದೇ ಪದೇ ಕೆಟ್ಟ ಬೇರಿಂಗ್‌ಗಳು: ಒಂದು ಬ್ಲೋವರ್‌ನಲ್ಲಿ ಜೋಡಣೆಯ ದೋಷ ಪತ್ತೆಯಾದ ಬಗೆ

ಹಿನ್ನೆಲೆ

ಈ ಪ್ರಕರಣ ಹಗಲಿರುಳು ನಡೆಯುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯದು. ಅಲ್ಲಿನ ಒಣಗಿಸುವ ವಿಭಾಗದಿಂದ ಬಿಸಿ ಗಾಳಿಯನ್ನು ಎಳೆದು ಹೊರಹಾಕುವ ಬ್ಲೋವರ್ ಒಂದರಲ್ಲಿ ಬೇರಿಂಗ್‌ಗಳು (ತಿರುಗುವ ಶಾಫ್ಟನ್ನು ಹೊತ್ತು ಸರಾಗವಾಗಿ ತಿರುಗಲು ಬಿಡುವ ಭಾಗಗಳು) ನಿರೀಕ್ಷಿತ ಆಯುಷ್ಯದ ಸಣ್ಣ ಭಾಗವನ್ನೂ ಮುಟ್ಟದೆ ಕೆಡುತ್ತಿದ್ದವು. ಕಾರ್ಖಾನೆಯ ಹೆಸರು, ಊರು, ಯಂತ್ರ ತಯಾರಕರು ಮತ್ತು ಕೆಲಸ ಮಾಡಿದವರ ಗುರುತನ್ನು ಇಲ್ಲಿ ಬಿಟ್ಟಿದ್ದೇನೆ. ಕಾರಣ ಹುಡುಕುವ ಹಂತದಲ್ಲಿ ನಿರ್ವಹಣಾ ವಿಭಾಗದವರೊಂದಿಗೆ ಕುಳಿತು ಕೆಟ್ಟ ಬೇರಿಂಗ್‌ಗಳನ್ನು ಪರಿಶೀಲಿಸಿದವನಾಗಿ, ಅಲ್ಲಿ ತೆಗೆದುಕೊಂಡ ತೀರ್ಮಾನಗಳು ಮತ್ತು ಅವುಗಳ ಪರಿಣಾಮ ಇತರರಿಗೂ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಯಂತ್ರದ ರಚನೆ ಸರಳವಾದದ್ದು. ನಿಮಿಷಕ್ಕೆ 1480 ಸುತ್ತು ತಿರುಗುವ ಮೋಟರು, ಎರಡು ಶಾಫ್ಟ್‌ಗಳನ್ನು ಬೆಸೆಯುವ ಕಪ್ಲಿಂಗ್ ಮೂಲಕ ಬ್ಲೋವರ್‌ನ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ಇನ್ನೊಂದು ತುದಿಯಲ್ಲಿ ಗಾಳಿಯನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ಇದೆ. ನಡುವೆ ಎರಕದ ಕಬ್ಬಿಣದ ಒಂದೇ ಹೌಸಿಂಗ್‌ನಲ್ಲಿ (ಹೊರಕವಚದಲ್ಲಿ) ಸುಮಾರು 420 ಮಿಲಿಮೀಟರ್ ಅಂತರದಲ್ಲಿ 6310 ಎಂಬ ಅಳತೆಸಂಖ್ಯೆಯ ಎರಡು ಬಾಲ್ ಬೇರಿಂಗ್‌ಗಳು ಕುಳಿತಿವೆ. ಈ ಬೇರಿಂಗ್‌ನ ಒಳವ್ಯಾಸ 50 ಮಿಲಿಮೀಟರ್, ಹೊರವ್ಯಾಸ 110, ಅಗಲ 27. ಶಾಫ್ಟಿನ ಮೇಲೆ ಕೂರುವ ಒಳ ಉಂಗುರಕ್ಕೂ ಹೌಸಿಂಗ್‌ನಲ್ಲಿ ಕೂರುವ ಹೊರ ಉಂಗುರಕ್ಕೂ ನಡುವೆ, ಅವುಗಳ ತೋಡುಗಳಲ್ಲಿ ಓಡುವ 8 ಗುಂಡುಗಳು. ಕಪ್ಲಿಂಗ್ ಬದಿಯ ಬೇರಿಂಗ್‌ನ ಹೊರ ಉಂಗುರವನ್ನು ಮುಚ್ಚಳಗಳು ಎರಡೂ ಕಡೆಯಿಂದ ಹಿಡಿದಿಡುತ್ತವೆ. ಇಂಪೆಲ್ಲರ್ ಬದಿಯದರ ಹೊರ ಉಂಗುರ ಮಾತ್ರ ಹೌಸಿಂಗ್‌ನಲ್ಲಿ ಉದ್ದಕ್ಕೆ ಜಾರುವಂತಿರಬೇಕು. ಏಕೆಂದರೆ ಬಿಸಿ ಗಾಳಿಯ ಬದಿಯಲ್ಲಿ ಶಾಫ್ಟ್ ಕಾದು ಹಿಗ್ಗಿದಾಗ ಆ ಹಿಗ್ಗುವಿಕೆಗೆ ಎಲ್ಲಾದರೂ ಜಾಗ ಬೇಕು. ಮುಂದೆ ಬರುವ ಕಥನದಲ್ಲಿ ಈ ಒಂದು ವಾಕ್ಯಕ್ಕೆ ದೊಡ್ಡ ಪಾತ್ರವಿದೆ.

ಸಮಸ್ಯೆ

ಬೇರಿಂಗ್ ಮೇಲೆ ಬೀಳುವ ಭಾರ ಲೆಕ್ಕದ ಪ್ರಕಾರ ಸುಮಾರು 4 ಕಿಲೋನ್ಯೂಟನ್. 6310ರ ಚಲನ ಭಾರ ಸಾಮರ್ಥ್ಯ ಸುಮಾರು 62 ಕಿಲೋನ್ಯೂಟನ್. ಬಾಲ್ ಬೇರಿಂಗ್‌ನ ಆಯುಷ್ಯವು ಸಾಮರ್ಥ್ಯ ಮತ್ತು ಭಾರದ ಅನುಪಾತದ ಮೂರನೇ ಘಾತಕ್ಕೆ ಅನುಗುಣವಾಗಿರುವುದರಿಂದ, ಬೇರಿಂಗ್ ಆಯುಷ್ಯ ಲೆಕ್ಕಹಾಕುವ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 281ರ ಮೂಲ ಸೂತ್ರದಂತೆ ನೂರಕ್ಕೆ ತೊಂಬತ್ತು ಬೇರಿಂಗ್‌ಗಳು ಸುಮಾರು 42,000 ಗಂಟೆ, ಅಂದರೆ ನಿರಂತರ ಓಟದಲ್ಲಿ ಐದು ವರ್ಷಕ್ಕೆ ಸ್ವಲ್ಪ ಕಡಿಮೆ, ಬಾಳಬೇಕು. ವಾಸ್ತವದಲ್ಲಿ ಯಾವ ಬೇರಿಂಗೂ ನಾಲ್ಕು ತಿಂಗಳು ದಾಟಿರಲಿಲ್ಲ. ಕೆಲವು ಮೂರು ವಾರಕ್ಕೇ ಕೂಗಲಾರಂಭಿಸಿದ್ದವು. ಕಪ್ಲಿಂಗ್ ಬದಿಯದು ಹೆಚ್ಚು ಬೇಗ ಕೆಡುತ್ತಿತ್ತು. ಇಷ್ಟು ದೊಡ್ಡ ಅಂತರವನ್ನು ಬೇರಿಂಗ್‌ನ ಗುಣಮಟ್ಟದ ಸಣ್ಣಪುಟ್ಟ ವ್ಯತ್ಯಾಸದಿಂದ ವಿವರಿಸಲಾಗದು ಎಂಬುದು ಮೊದಲೇ ಹೊಳೆಯಬೇಕಿದ್ದ ವಿಷಯ. ಆದರೆ ಯಂತ್ರ ನಿಂತಾಗಲೆಲ್ಲ ಉತ್ಪಾದನೆಯೂ ನಿಲ್ಲುತ್ತಿದ್ದುದರಿಂದ, ಹೊಸ ಬೇರಿಂಗ್ ಹಾಕಿ ಓಡಿಸುವುದೇ ಕೆಲಸವಾಗಿತ್ತೇ ಹೊರತು ಕುಳಿತು ಯೋಚಿಸಲು ಯಾರಿಗೂ ಅವಕಾಶವಿರಲಿಲ್ಲ.

ಮೊದಮೊದಲು ಮಾಡಿದ ಪ್ರಯತ್ನಗಳು

ಮೊದಲು ಬೇರಿಂಗ್‌ನ ಕಂಪನಿಯನ್ನು ಬದಲಿಸಲಾಯಿತು. ಅದರಿಂದ ಏನೂ ಆಗಲಿಲ್ಲ. ಬಳಿಕ ಗ್ರೀಸ್ ಸಾಲದೆಂದು ಭಾವಿಸಿ ವಾರಕ್ಕೊಮ್ಮೆ ಗನ್‌ನಿಂದ ಧಾರಾಳವಾಗಿ ತುಂಬಿಸಲಾಯಿತು. ಹೌಸಿಂಗ್‌ನ ಉಷ್ಣತೆ ಇಳಿಯುವ ಬದಲು ಏರಿತು. ಹೊರವ್ಯಾಸವನ್ನು ಅಗಲದಿಂದ ಗುಣಿಸಿ 0.005ರಿಂದ ಮತ್ತೆ ಗುಣಿಸಿದರೆ ಒಂದು ಸಲ ಕೊಡಬೇಕಾದ ಗ್ರೀಸಿನ ಅಂದಾಜು ಗ್ರಾಂಗಳಲ್ಲಿ ಸಿಗುತ್ತದೆ. 6310ಕ್ಕೆ ಅದು ಸುಮಾರು 15 ಗ್ರಾಂ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗ್ರೀಸ್ ತುಂಬಿದಾಗ ಗುಂಡುಗಳು ಅದನ್ನು ಸತತವಾಗಿ ಕಡೆಯಬೇಕಾಗುತ್ತದೆ, ಆ ಕಡೆತದಿಂದಲೇ ಬಿಸಿ ಹುಟ್ಟುತ್ತದೆ.

ಮೂರನೆಯದಾಗಿ ಮಾಮೂಲಿ ಕ್ಲಿಯರೆನ್ಸ್‌ನ (ಒಳಗಿನ ಸಡಿಲದ) ಬೇರಿಂಗ್ ಬಿಟ್ಟು, ಹೆಚ್ಚು ಸಡಿಲವಿರುವ ಸಿ3 ಬೇರಿಂಗ್ ಹಾಕಲಾಯಿತು. 50 ಮಿಲಿಮೀಟರ್ ಒಳವ್ಯಾಸದ ಮಾಮೂಲಿ ಬೇರಿಂಗ್‌ನಲ್ಲಿ ಗುಂಡು ಮತ್ತು ತೋಡುಗಳ ನಡುವಿನ ಅಡ್ಡ ಕ್ಲಿಯರೆನ್ಸ್ 6ರಿಂದ 23 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೆ, ಸಿ3ಯಲ್ಲಿ 18ರಿಂದ 36 ಮೈಕ್ರಾನ್ ಇರುತ್ತದೆ. ಈ ಬದಲಾವಣೆಯ ನಂತರ ಕೆಲವು ಬೇರಿಂಗ್‌ಗಳು ಹಿಂದಿನವಕ್ಕಿಂತ ತುಸು ಹೆಚ್ಚು ಕಾಲ ಓಡಿದವು, ಕೆಲವು ಮೊದಲಿನಂತೆಯೇ ಬೇಗ ಹೋದವು. ಸಿಕ್ಕ ಅಲ್ಪ ಸುಧಾರಣೆಯನ್ನು ಪರಿಹಾರವೆಂದು ಬಗೆದು ಎಲ್ಲರೂ ಸ್ವಲ್ಪ ಕಾಲ ನೆಮ್ಮದಿಯಿಂದಿದ್ದರು. ನನ್ನ ದೃಷ್ಟಿಯಲ್ಲಿ ಪ್ರಕರಣದ ಅತ್ಯಂತ ದೊಡ್ಡ ಸುಳಿವು ಇಲ್ಲಿಯೇ ಇತ್ತು: ಒಳಗಿನ ಸಡಿಲವನ್ನು ಹೆಚ್ಚಿಸಿದಾಗ ಆಯುಷ್ಯ ಹೆಚ್ಚುತ್ತದೆಂದರೆ, ಯಾವುದೋ ಒಂದು ಬಿಗಿತ ಆ ಸಡಿಲವನ್ನು ತಿನ್ನುತ್ತಿದೆ ಎಂದರ್ಥ. ಫಲಿತಾಂಶ ಒಂದೊಂದು ಬೇರಿಂಗ್‌ಗೆ ಒಂದೊಂದು ರೀತಿ ಇದೆಯೆಂದರೆ ಆ ಬಿಗಿತ ಕ್ಲಿಯರೆನ್ಸ್‌ನ ಗಡಿಯಲ್ಲೇ ಎಲ್ಲೋ ನಿಂತಿದೆ.

ಮೋಟರಿಗೆ ವೇಗ ನಿಯಂತ್ರಿಸುವ ಡ್ರೈವ್ ಅಳವಡಿಸಿದ್ದರಿಂದ ವಿದ್ಯುತ್ ಸೋರಿಕೆಯ ಮೇಲೂ ಅನುಮಾನ ಬಂದಿತ್ತು. ಶಾಫ್ಟ್ ಮೂಲಕ ವಿದ್ಯುತ್ ಹರಿದು ಬೇರಿಂಗ್ ದಾಟಿದರೆ ತೋಡಿನ ಮೇಲೆ ಅಡ್ಡಡ್ಡಲಾಗಿ ಒತ್ತೊತ್ತಾದ ಗೀರುಸಾಲುಗಳು ಅಥವಾ ಮಂಕಾದ ಪಟ್ಟಿ ಮೂಡುತ್ತದೆ. ಅದನ್ನು ನೋಡಬೇಕಾದರೂ ಬೇರಿಂಗನ್ನು ಬಿಚ್ಚಬೇಕಲ್ಲ! ಅಲ್ಲಿಯವರೆಗೆ ಕೆಟ್ಟ ಬೇರಿಂಗ್‌ಗಳೆಲ್ಲ ನೇರವಾಗಿ ಗುಜರಿ ಪೆಟ್ಟಿಗೆ ಸೇರಿದ್ದವು.

ಮೊದಲ ತಿರುವು: ಕೆಟ್ಟ ಬೇರಿಂಗನ್ನು ಕತ್ತರಿಸಿ ನೋಡಿದ್ದು

ಮುಂದಿನ ಸಲ ಶಬ್ದ ಶುರುವಾದಾಗ ಬೇರಿಂಗ್ ಪೂರ್ತಿ ಒಡೆಯುವವರೆಗೆ ಓಡಿಸದೆ ಮೊದಲೇ ನಿಲ್ಲಿಸಲು ತೀರ್ಮಾನಿಸಲಾಯಿತು. ಇದು ಸಣ್ಣ ತೀರ್ಮಾನದಂತೆ ಕಂಡರೂ ಉಳಿದೆಲ್ಲಕ್ಕೂ ಆಧಾರವಾಯಿತು, ಏಕೆಂದರೆ ಸಂಪೂರ್ಣ ಹಾಳಾದ ಬೇರಿಂಗ್‌ನಲ್ಲಿ ಮೂಲ ಕಾರಣದ ಗುರುತು ನಂತರದ ನಾಶದ ಅಡಿಯಲ್ಲಿ ಅಳಿಸಿಹೋಗಿರುತ್ತದೆ. ಕಂಪನ ಅಳೆಯುವ ಉಪಕರಣ ಇಟ್ಟಾಗ ಸುಮಾರು 122 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಏರಿಕೆ ಕಂಡಿತು. 8 ಗುಂಡುಗಳ ಈ ಬೇರಿಂಗ್‌ನಲ್ಲಿ ಒಳ ಉಂಗುರದ ಒಂದು ಜಾಗ ಕೆಟ್ಟಿದ್ದರೆ ಶಾಫ್ಟಿನ ಪ್ರತಿ ಸುತ್ತಿಗೆ ಸುಮಾರು 5 ಸಲ ಗುಂಡು ಅದರ ಮೇಲೆ ಹಾಯುತ್ತದೆ. ಹೊರ ಉಂಗುರವಾದರೆ ಸುಮಾರು 3 ಸಲ. ಸೆಕೆಂಡಿಗೆ 24.7 ಸುತ್ತು ತಿರುಗುವ ಶಾಫ್ಟಿಗೆ ಇವು ಕ್ರಮವಾಗಿ 122 ಮತ್ತು 75 ಹರ್ಟ್ಸ್ ಆಗುತ್ತವೆ. ಹೀಗಾಗಿ ಬಿಚ್ಚುವ ಮೊದಲೇ ಒಳ ಉಂಗುರ ಕೆಟ್ಟಿದೆಯೆಂದು ತಿಳಿದಿತ್ತು.

ಬಿಚ್ಚುವಾಗ ಎರಡು ಗುರುತುಗಳನ್ನು ಮಾಡಿಸಿದೆವು: ಹೊರ ಉಂಗುರದ ಮೇಲ್ತುದಿ ಯಾವುದು, ಮತ್ತು ಬೇರಿಂಗ್‌ನ ಯಾವ ಮುಖ ಕಪ್ಲಿಂಗ್ ಕಡೆಗಿತ್ತು. ಆಮೇಲೆ ಹೊರ ಉಂಗುರವನ್ನು ಕತ್ತರಿಸಿ, ತೊಳೆದು, ಭೂತಗನ್ನಡಿಯಡಿ ನೋಡಲಾಯಿತು.

ಒಳ ಉಂಗುರದ ತೋಡಿನಲ್ಲಿ ಸಮಾನ ಅಂತರದಲ್ಲಿ ಎಂಟು ಕುಳಿಗಳಿದ್ದವು. ಅಂತರ ಗುಂಡುಗಳ ಅಂತರಕ್ಕೆ ಸರಿಯಾಗಿ ಹೊಂದುತ್ತಿತ್ತು. ಕುಳಿಗಳು ತೋಡಿನ ತಳದಲ್ಲಿರದೆ ಇಂಪೆಲ್ಲರ್ ಕಡೆಯ ಇಳಿಜಾರಿನಲ್ಲಿದ್ದವು; ಹೊರ ಉಂಗುರದಲ್ಲಿ ಅವಕ್ಕೆ ಜೋಡಿಯಾದ ಕುಳಿಗಳು ವಿರುದ್ಧ, ಅಂದರೆ ಕಪ್ಲಿಂಗ್ ಕಡೆಯ ಇಳಿಜಾರಿನಲ್ಲಿದ್ದವು. ಒಳ ಉಂಗುರದ ಎರಡು ಕುಳಿಗಳ ಅಂಚಿನಿಂದ ಲೋಹ ಚಕ್ಕೆಯಾಗಿ ಏಳಲು ತೊಡಗಿತ್ತು.

ಇದರಿಂದ ತಿಳಿಯುವುದೇನು? ಹೊರ ಉಂಗುರವನ್ನು ಕಪ್ಲಿಂಗ್ ಕಡೆಯಿಂದ ಒಳಮುಖವಾಗಿ ತಳ್ಳಿದಾಗ ಅದರ ತೋಡಿನ ಹಿಂಬದಿಯ ಇಳಿಜಾರು ಗುಂಡನ್ನು ದೂಡುತ್ತದೆ, ಗುಂಡು ಒಳ ಉಂಗುರದ ಮುಂಬದಿಯ ಇಳಿಜಾರನ್ನು ದೂಡುತ್ತದೆ. ಕಂಡ ಕುಳಿಗಳು ಸರಿಯಾಗಿ ಆ ಜಾಗಗಳಲ್ಲೇ ಇದ್ದವು. ಪುಲ್ಲರ್ ಹಾಕಿ ಹೊರಗೆ ಎಳೆದಾಗ ಆದವಾಗಿದ್ದರೆ ಅವು ಎದುರು ಇಳಿಜಾರುಗಳಲ್ಲಿರಬೇಕಿತ್ತು. ಅಲ್ಲದೆ ಅವುಗಳ ಮೇಲೆ ಗುಂಡು ಓಡಿ ಅಂಚು ಸವೆದ ಗುರುತಿರುತ್ತಿರಲಿಲ್ಲ. ಯಂತ್ರ ನಿಂತಿದ್ದಾಗ ಪಕ್ಕದ ಯಂತ್ರದ ಅದುರಿನಿಂದಲೂ ಗುಂಡುಗಳ ಅಂತರದಲ್ಲಿ ತಗ್ಗುಗಳಾಗುವುದುಂಟು. ಅಂಥವುಗಳಲ್ಲಿ ಲೋಹ ಸವೆದು ಹೋಗಿರುವುದರಿಂದ ತಯಾರಿಕೆಯ ಗ್ರೈಂಡಿಂಗ್ ಗೆರೆಗಳು ಕಾಣುವುದಿಲ್ಲ, ಸುತ್ತ ಕೆಂಗಂದು ಪುಡಿ ಇರುತ್ತದೆ. ಇಲ್ಲಿ ಕುಳಿಯ ತಳದಲ್ಲೂ ಗ್ರೈಂಡಿಂಗ್ ಗೆರೆಗಳು ಹಾಗೆಯೇ ಉಳಿದಿದ್ದವು. ಲೋಹ ಸವೆದಿರಲಿಲ್ಲ, ಒತ್ತಿಹೋಗಿತ್ತು. ವಿದ್ಯುತ್ತಿನ ಗೀರುಸಾಲುಗಳ ಸುಳಿವೂ ಇರಲಿಲ್ಲ. ಒಟ್ಟಿನಲ್ಲಿ ಬೇರಿಂಗ್ ಮೊದಲ ಸುತ್ತು ತಿರುಗುವ ಮೊದಲೇ, ಕೂರಿಸುವಾಗಲೇ, ಗಾಯಗೊಂಡಿತ್ತು.

ಜೋಡಣೆಯ ಪದ್ಧತಿಯನ್ನು ಕೇಳಿದಾಗ ಎಲ್ಲವೂ ಹೊಂದಿಕೊಂಡಿತು. ಇಂಪೆಲ್ಲರ್ ಬದಿಯ ಬೇರಿಂಗನ್ನು ಮೇಜಿನ ಮೇಲೆ ಶಾಫ್ಟಿಗೆ ಹಾಕಿ, ಶಾಫ್ಟನ್ನು ಹೌಸಿಂಗ್‌ಗೆ ತೂರಿಸಿ, ಕೊನೆಗೆ ಕಪ್ಲಿಂಗ್ ಬದಿಯ ಬೇರಿಂಗನ್ನು ಹೊರಗಿನಿಂದ ಏಕಕಾಲಕ್ಕೆ ಶಾಫ್ಟಿನ ಮೇಲೂ ಹೌಸಿಂಗ್‌ನ ಒಳಕ್ಕೂ ಬಡಿದು ಕೂರಿಸಲಾಗುತ್ತಿತ್ತು. ಬಡಿಯಲು ಬಳಸುತ್ತಿದ್ದ ಪೈಪ್ ತುಂಡು ಹೊರ ಉಂಗುರದ ಮೇಲೆ ಮಾತ್ರ ಕೂರುವ ಅಳತೆಯದು. ಹಿರಿಯ ಫಿಟ್ಟರ್ ಮರೆಮಾಚದೆ ಹೇಳಿದರು: “ಸಾರ್, ಈ ಶಾಫ್ಟಿಗೆ ಬೇರಿಂಗ್ ಸುಲಭಕ್ಕೆ ಕೂರೋದಿಲ್ಲ. ನಾಲ್ಕು ಏಟು ಜೋರಾಗಿ ಹಾಕಲೇಬೇಕು.” ಅವರ ಮಾತು ನಿಜವಾಗಿತ್ತು ಮತ್ತು ಅದರಲ್ಲಿ ಎರಡನೆಯ ಕಾರಣವೂ ಅಡಗಿತ್ತು. ಆದರೆ ಆ ದಿನ ಎಲ್ಲರ ಗಮನ ಸುತ್ತಿಗೆಯ ಮೇಲಿದ್ದುದರಿಂದ ‘ಸುಲಭಕ್ಕೆ ಕೂರುವುದಿಲ್ಲ’ ಎಂಬ ಅರ್ಧವನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಸುತ್ತಿಗೆಯ ಏಟಿನಲ್ಲಿ ಎಷ್ಟು ಬಲವಿದೆ ಎಂಬುದನ್ನು ಲೆಕ್ಕ ಮಾಡಿ ತೋರಿಸಿದ್ದು ಫಿಟ್ಟರ್‌ಗಳಿಗೆ ಮನವರಿಕೆ ಮಾಡಲು ನೆರವಾಯಿತು. ಒಂದು ಕಿಲೋ ತೂಕದ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಒಂದು ಮಿಲಿಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ನಿಂತರೆ ಸರಾಸರಿ ಬಲವೇ 25 ಕಿಲೋನ್ಯೂಟನ್, ಎಂದರೆ ಈ ಬೇರಿಂಗ್ ಓಟದಲ್ಲಿ ಹೊರುವ ಭಾರದ ಆರು ಪಟ್ಟಿಗೂ ಹೆಚ್ಚು. ಅದೂ ಉಂಗುರದ ಒಂದೇ ಮಗ್ಗುಲಿಗೆ ಬಿದ್ದಾಗ ಎಂಟು ಗುಂಡುಗಳು ಅದನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಬಾಲ್ ಬೇರಿಂಗ್‌ನ ಸ್ಥಿರ ಭಾರ ಸಾಮರ್ಥ್ಯವನ್ನು ನಿಗದಿ ಮಾಡುವಾಗ ಗುಂಡಿನ ವ್ಯಾಸದ ಹತ್ತುಸಾವಿರದ ಒಂದು ಪಾಲಿನಷ್ಟು ಶಾಶ್ವತ ತಗ್ಗನ್ನು ಮಿತಿಯೆಂದು ಹಿಡಿಯಲಾಗುತ್ತದೆ. ಇಲ್ಲಿನ 19 ಮಿಲಿಮೀಟರ್ ಗುಂಡಿಗೆ ಅದು ಸುಮಾರು 2 ಮೈಕ್ರಾನ್. ಭೂತಗನ್ನಡಿಯಡಿ ಸ್ಪಷ್ಟವಾಗಿ ಕಾಣುತ್ತಿದ್ದ ಆ ಕುಳಿಗಳು ಈ ಮಿತಿಯನ್ನು ಬಹಳ ಮೀರಿದ್ದವು.

ಇಂಡಕ್ಷನ್ ಹೀಟರ್ ಬಂದ ಮೇಲೆ

ಪರಿಹಾರವಾಗಿ, ಜ್ವಾಲೆಯಿಲ್ಲದೆ ಕಾಂತಕ್ಷೇತ್ರದಿಂದ ಬೇರಿಂಗನ್ನು ಬಿಸಿ ಮಾಡುವ ಇಂಡಕ್ಷನ್ ಹೀಟರ್ ತರಿಸಲಾಯಿತು. ಹಳೆಯ ಬೇರಿಂಗ್ ಒಂದರ ಒಳ ಉಂಗುರ ಕಂದು-ನೀಲಿ ಬಣ್ಣಕ್ಕೆ ತಿರುಗಿದ್ದುದರಿಂದ ಹಿಂದೊಮ್ಮೆ ಗ್ಯಾಸ್ ಜ್ವಾಲೆಯಿಂದಲೂ ಬಿಸಿ ಮಾಡಿದ್ದು ತಿಳಿದಿತ್ತು. ಅದನ್ನು ಅಂದೇ ಪೂರ್ಣವಾಗಿ ನಿಷೇಧಿಸಲಾಯಿತು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ದಶಲಕ್ಷದ ಸುಮಾರು 12 ಪಾಲು ಹಿಗ್ಗುತ್ತದೆ. ಶಾಫ್ಟಿಗಿಂತ ಬೇರಿಂಗ್ 80 ಡಿಗ್ರಿ ಹೆಚ್ಚು ಬಿಸಿಯಾದರೆ 50 ಮಿಲಿಮೀಟರ್ ರಂಧ್ರ 48 ಮೈಕ್ರಾನ್ ದೊಡ್ಡದಾಗುತ್ತದೆ, ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತದೆ. ಆದ್ದರಿಂದ ಬೇರಿಂಗನ್ನು 110 ಡಿಗ್ರಿಗೆ ನಿಲ್ಲಿಸಬೇಕು, 120 ದಾಟಲೇಬಾರದು ಎಂಬ ನಿಯಮ ಮಾಡಿಕೊಂಡರು. ಅದಕ್ಕೂ ಮೇಲೆ ಹೋದರೆ ಉಕ್ಕಿನ ಒಳರಚನೆ ಬದಲಾಗಿ ಉಂಗುರದ ಅಳತೆಯೇ ಕಾಯಂ ಆಗಿ ಬದಲಾಗುವ ಅಪಾಯವಿದೆ.

ಮೊದಲ ಪ್ರಯತ್ನದಲ್ಲೇ ತೊಡಕಾಯಿತು. ಹಳೆಯ ಕ್ರಮದಂತೆಯೇ ಕಪ್ಲಿಂಗ್ ಬದಿಯ ಬೇರಿಂಗನ್ನು ಬಿಸಿ ಮಾಡಿ ಹೊರಗಿನಿಂದ ತೂರಿಸಹೊರಟಾಗ ಅದು ಹೌಸಿಂಗ್‌ನ ಬಾಯಲ್ಲೇ ನಿಂತಿತು. ರಂಧ್ರ ಹಿಗ್ಗಿದಂತೆ ಹೊರವ್ಯಾಸವೂ ಹಿಗ್ಗುತ್ತದೆ: 80 ಡಿಗ್ರಿಗೆ 110 ಮಿಲಿಮೀಟರ್ ಹೊರವ್ಯಾಸ ಸುಮಾರು 0.105 ಮಿಲಿಮೀಟರ್ ಬೆಳೆದಿರುತ್ತದೆ, ಅದು ಕೂರುವ ಹೌಸಿಂಗ್‌ನ ರಂಧ್ರ, ಅಂದರೆ ಬೋರ್, ಹೆಚ್ಚೆಂದರೆ 0.035 ಮಿಲಿಮೀಟರ್ ದೊಡ್ಡದಿರಬಹುದು. ಇಲ್ಲಿ ನಿರ್ವಹಣಾ ಎಂಜಿನಿಯರ್ ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾದ ತೀರ್ಮಾನ. ಸುತ್ತಿಗೆಗೆ ಮರಳಬೇಕೆಂಬ ಒತ್ತಾಯವಿದ್ದರೂ ಅವರು ಬೇರಿಂಗ್ ಹೊರತೆಗೆಸಿ ಜೋಡಣೆಯ ಕ್ರಮವನ್ನೇ ಬದಲಿಸಿದರು. ಎರಡೂ ಬೇರಿಂಗ್‌ಗಳನ್ನು ಮೇಜಿನ ಮೇಲೆಯೇ ಶಾಫ್ಟಿಗೆ ಬಿಸಿಯಾಗಿ ಕೂರಿಸಿ, ಪೂರ್ತಿ ತಣ್ಣಗಾದ ಮೇಲೆ ಇಡೀ ಜೋಡಣೆಯನ್ನು ಒಂದು ಕಡೆಯಿಂದ ಹೌಸಿಂಗ್‌ಗೆ ಜಾರಿಸುವುದು ಹೊಸ ಕ್ರಮವಾಯಿತು. ಎರಡೂ ಬೋರ್‌ಗಳು ಒಂದೇ ಅಳತೆಯವಾದ್ದರಿಂದ ಇದು ಸಾಧ್ಯವಿತ್ತು. ಇಂಪೆಲ್ಲರ್ ಬದಿಯ ಬೋರ್‌ನಲ್ಲಿ ಬೇರಿಂಗ್ ಸ್ವಲ್ಪ ಹಿಡಿದಾಗ ಹೌಸಿಂಗನ್ನು ಬಿಸಿ ಗಾಳಿಯಿಂದ ಬೆಚ್ಚಗೆ ಮಾಡಲಾಯಿತು, ಅದೂ ಜಾರಿತು. ಒಂದೇ ಒಂದು ಏಟು ಬೀಳಲಿಲ್ಲ.

ಎಲ್ಲರೂ ಸಮಸ್ಯೆ ಮುಗಿಯಿತೆಂದುಕೊಂಡರು. ಕುಳಿಗಳಿಂದ ಬರುತ್ತಿದ್ದ ಶಬ್ದವೇನೋ ನಿಂತಿತು. ಆದರೆ ಹೌಸಿಂಗ್ ಮೊದಲಿನಷ್ಟೇ ಬಿಸಿಯಾಗಿ ಓಡುತ್ತಿತ್ತು, ಮತ್ತು ಕೆಲವೇ ತಿಂಗಳಲ್ಲಿ ಬೇರಿಂಗ್ ಮತ್ತೆ ಕೆಟ್ಟಿತು.

ಎರಡನೆಯ ತಿರುವು: ಅಳತೆ

ಈ ಸಲ ಕತ್ತರಿಸಿದ ಬೇರಿಂಗ್‌ಗಳಲ್ಲಿ ಒಂದೂ ಕುಳಿಯಿರಲಿಲ್ಲ. ಆದರೆ ಗುಂಡುಗಳು ಓಡಿದ ಪಥ ಬೇರೊಂದು ವಿಷಯವನ್ನು ತಿಳಿಸುತ್ತಿತ್ತು. ಹೊರ ಉಂಗುರ ನಿಂತಿದ್ದು ಭಾರ ಕೆಳಮುಖವಾಗಿರುವಾಗ, ಆರೋಗ್ಯವಂತ ಬೇರಿಂಗ್‌ನ ಹೊರ ಉಂಗುರದಲ್ಲಿ ಪಥದ ಗುರುತು ಭಾರ ಬೀಳುವ ಬದಿಯಲ್ಲಿ ಅರ್ಧ ಸುತ್ತಿಗಿಂತ ಕಡಿಮೆ ಇರಬೇಕು, ಮತ್ತು ತೋಡಿನ ನಟ್ಟನಡುವೆ ಇರಬೇಕು. ಇಲ್ಲಿ ಕಪ್ಲಿಂಗ್ ಬದಿಯ ಹೊರ ಉಂಗುರದಲ್ಲಿ ಪಥ ಪೂರ್ತಿ ಸುತ್ತನ್ನು ಆವರಿಸಿತ್ತು. ಅಲ್ಲದೆ ಎರಡೂ ಬೇರಿಂಗ್‌ಗಳ ಹೊರ ಉಂಗುರಗಳಲ್ಲಿ ಪಥ ನಡುವಿನಿಂದ ಸರಿದು, ಒಂದು ಕಪ್ಲಿಂಗ್ ಕಡೆಗೂ ಇನ್ನೊಂದು ಇಂಪೆಲ್ಲರ್ ಕಡೆಗೂ ವಾಲಿತ್ತು. ಮೊದಲನೆಯದು ಒಳಗಿನ ಕ್ಲಿಯರೆನ್ಸ್ ಸತ್ತುಹೋಗಿ ಎಂಟೂ ಗುಂಡುಗಳು ಸದಾ ಹಿಸುಕಿಕೊಂಡೇ ಓಡಿವೆ ಎಂಬುದರ ಗುರುತು. ಎರಡನೆಯದು, ಹಿಗ್ಗಿದ ಶಾಫ್ಟ್ ಎರಡು ಬೇರಿಂಗ್‌ಗಳನ್ನು ಪರಸ್ಪರ ದೂರ ತಳ್ಳಿದೆ, ಜಾರಬೇಕಿದ್ದ ಉಂಗುರ ಜಾರಿಲ್ಲ ಎಂಬುದರ ಗುರುತು.

ಉತ್ಪಾದನಾ ವಿಭಾಗ ಅಂದೇ ರಾತ್ರಿ ಯಂತ್ರ ಓಡಬೇಕೆಂದಿತು. ಎಂಜಿನಿಯರ್ ಒಂದು ಪಾಳಿ ಹೆಚ್ಚು ಬೇಡಿ ಪಡೆದರು, ಮತ್ತು ಹಿರಿಯ ಫಿಟ್ಟರ್‌ಗೆ, “ನೀವು ಅಂದೇ ಹೇಳಿದ್ರಿ ಸುಲಭಕ್ಕೆ ಕೂರೋದಿಲ್ಲ ಅಂತ. ಎಷ್ಟು ಬಿಗಿ ಇದೆ ಅಂತ ಈಗ ಅಳೆದು ನೋಡೋಣ” ಎಂದರು. ಶಾಫ್ಟನ್ನು ಮೈಕ್ರೋಮೀಟರ್‌ನಿಂದ ಮೂರು ಅಡ್ಡಪಟ್ಟಿಗಳಲ್ಲಿ, ಪ್ರತಿ ಪಟ್ಟಿಯಲ್ಲೂ ನಾಲ್ಕು ದಿಕ್ಕಿಗೆ ಅಳೆಯಲಾಯಿತು. ಹೌಸಿಂಗನ್ನು ಬೋರ್ ಗೇಜ್‌ನಿಂದ. ಶಾಫ್ಟ್, ಹೌಸಿಂಗ್, ಉಪಕರಣ ಮೂರನ್ನೂ ಅಳತೆಗೆ ಮೊದಲು ಒಂದೇ ಕೋಣೆಯಲ್ಲಿ ಒಂದೇ ಉಷ್ಣತೆಗೆ ಬರಲು ಬಿಡಲಾಗಿತ್ತು. ಮೈಕ್ರಾನ್‌ಗಳ ವ್ಯವಹಾರದಲ್ಲಿ ಈ ಕಾಯುವಿಕೆಯನ್ನು ಬಿಟ್ಟರೆ ಅಳತೆಗೇ ಅರ್ಥವಿರುವುದಿಲ್ಲ.

ವಿನ್ಯಾಸದಂತೆ ಶಾಫ್ಟಿನ ಸೀಟು, ಅಂದರೆ ಬೇರಿಂಗ್ ಕೂರುವ ಭಾಗ, ಕೆ5 ಎಂಬ ಮಾನಕ ಅಳತೆಯ ಮಿತಿಯಲ್ಲಿ, 50.002ರಿಂದ 50.013 ಮಿಲಿಮೀಟರ್ ನಡುವೆ ಇರಬೇಕು. ಇಂಪೆಲ್ಲರ್ ಬದಿಯದು ಮಿತಿಯೊಳಗೇ ಇತ್ತು. ಕಪ್ಲಿಂಗ್ ಬದಿಯದು 50.031 ಇತ್ತು. ಹಿಂದೊಮ್ಮೆ ಸವೆದಿದ್ದ ಸೀಟಿನ ಮೇಲೆ ಹೊರಗಿನ ವರ್ಕ್‌ಶಾಪಿನಲ್ಲಿ ಲೋಹ ತುಂಬಿಸಿ ಗ್ರೈಂಡ್ ಮಾಡಿಸಲಾಗಿತ್ತು, ಆ ಕೆಲಸದ ಚೀಟಿಯಲ್ಲಿ ‘50 ಮಿಮೀ, ಬೇರಿಂಗ್‌ಗೆ ಬಿಗಿಯಾಗಿ’ ಎಂದಷ್ಟೇ ಬರೆದಿತ್ತು. ಬೇರಿಂಗ್‌ನ ರಂಧ್ರ 49.988ರಿಂದ 50.000ರವರೆಗೆ ಇರಬಹುದಾದ್ದರಿಂದ ಇಲ್ಲಿನ ಬಿಗಿತ 31ರಿಂದ 43 ಮೈಕ್ರಾನ್. ಬಿಗಿತದ ಸುಮಾರು ಐದರಲ್ಲಿ ನಾಲ್ಕು ಪಾಲು ಒಳ ಉಂಗುರವನ್ನು ಹಿಗ್ಗಿಸಿ ಕ್ಲಿಯರೆನ್ಸನ್ನು ಕಡಿಮೆ ಮಾಡುತ್ತದೆಂದು ಹಿಡಿದರೂ 25ರಿಂದ 34 ಮೈಕ್ರಾನ್ ಹೋಯಿತು. 23 ಮೈಕ್ರಾನ್ ಮೀರದ ಮಾಮೂಲಿ ಕ್ಲಿಯರೆನ್ಸ್ ಇದರಲ್ಲಿ ಉಳಿಯುವುದೇ ಇಲ್ಲ. ಸಿ3 ಬೇರಿಂಗ್ ತನ್ನ ಮಿತಿಯ ಮೇಲ್ತುದಿಯಲ್ಲಿದ್ದರೆ ಅಷ್ಟಿಷ್ಟು ಉಳಿಯುತ್ತದೆ, ಕೆಳತುದಿಯಲ್ಲಿದ್ದರೆ ಇಲ್ಲ. ಸಿ3 ಹಾಕಿದಾಗ ಕೆಲವು ಬಾಳಿ ಕೆಲವು ಬಾಳದೆ ಹೋದದ್ದು ಹೀಗೆ.

ಹೌಸಿಂಗ್‌ನ ಇಂಪೆಲ್ಲರ್ ಬದಿಯ ಬೋರ್ ಎಚ್7 ಎಂಬ ಮಾನಕ ಮಿತಿಯಂತೆ 110.000ರಿಂದ 110.035 ಇರಬೇಕಿತ್ತು. ಆ ಬೋರನ್ನೂ ಹಿಂದೊಮ್ಮೆ ಬುಶ್ (ಒಳಗೆ ಕೂರಿಸುವ ಲೋಹದ ಕೊಳವೆ) ಹಾಕಿ ರಿಪೇರಿ ಮಾಡಲಾಗಿತ್ತು, ಅಳತೆ 109.986 ಬಂದಿತು. ಬೇರಿಂಗ್‌ನ ಹೊರವ್ಯಾಸ 109.985ರಿಂದ 110.000. ಅಂದರೆ ಜಾರಬೇಕಿದ್ದ ಉಂಗುರ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಓಟದಲ್ಲಿ ಶಾಫ್ಟ್ ಹೌಸಿಂಗಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಿದ್ದರೆ 420 ಮಿಲಿಮೀಟರ್ ಉದ್ದದಲ್ಲಿ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟನ್ನು ಒಳಗೇ ಅಡಗಿಸಿಕೊಳ್ಳುವ ಸಡಿಲ, ಕ್ಲಿಯರೆನ್ಸ್ ಕಳೆದುಕೊಂಡ ಬೇರಿಂಗ್‌ಗೆ ಇರಲಿಲ್ಲ.

ಸುತ್ತಿಗೆ ಬಳಸುತ್ತಿದ್ದಾಗ ಕನಿಷ್ಠ ಫಿಟ್ಟರ್‌ನ ಕೈಗೆ ಬಿಗಿತದ ಅರಿವಾಗುತ್ತಿತ್ತು. ಹೀಟರ್ ಬಂದ ಮೇಲೆ ಅದೂ ತಪ್ಪಿತು: 48 ಮೈಕ್ರಾನ್ ಹಿಗ್ಗಿದ ರಂಧ್ರ 43 ಮೈಕ್ರಾನ್ ದಪ್ಪವಾದ ಸೀಟಿನ ಮೇಲೂ ಸರಾಗವಾಗಿ ಜಾರಿತು, ಬೆಚ್ಚಗಾದ ಹೌಸಿಂಗ್ ಕಿರಿದಾದ ಬೋರನ್ನು ಮರೆಮಾಡಿತು. ಹೀಟರ್ ಒಳ್ಳೆಯ ಉಪಕರಣವೇ, ನಾನು ಅದನ್ನು ಎಲ್ಲೆಡೆಯೂ ಶಿಫಾರಸು ಮಾಡುತ್ತೇನೆ. ಆದರೆ ಅಳೆಯದೆ ಬಳಸಿದಾಗ ಅದು ತಪ್ಪು ಫಿಟ್ಟನ್ನು ಸದ್ದಿಲ್ಲದೆ ಒಪ್ಪಿಸಿಬಿಡುತ್ತದೆ.

ಸರಿಪಡಿಸಿದ ಕ್ರಮ

ಕಪ್ಲಿಂಗ್ ಬದಿಯ ಸೀಟನ್ನು ಕೆ5 ಮಿತಿಗೆ ಗ್ರೈಂಡ್ ಮಾಡಿಸಲಾಯಿತು, ಶೋಲ್ಡರ್ (ಬೇರಿಂಗ್ ತಾಗಿ ಕೂರುವ ಶಾಫ್ಟಿನ ಮೆಟ್ಟಿಲು) ಶಾಫ್ಟಿಗೆ ಲಂಬವಾಗಿದೆಯೇ ಎಂದು ಡಯಲ್ ಗೇಜ್‌ನಿಂದ ನೋಡಲಾಯಿತು. ಹೌಸಿಂಗ್‌ನ ಬೋರನ್ನು ಎಚ್7ಗೆ ತರಲಾಯಿತು. ಇಂಪೆಲ್ಲರ್ ಬದಿಯ ಮುಚ್ಚಳ ಬೇರಿಂಗನ್ನು ಒತ್ತದೆ, ಹಿಗ್ಗುವಿಕೆಗೆ ಸಾಕಾಗುವಷ್ಟು ಅಂತರ ಬಿಡುವಂತೆ ಅದರ ಮೂತಿಯನ್ನು ಲೇತ್‌ನಲ್ಲಿ ಕಡಿಮೆ ಮಾಡಲಾಯಿತು.

ಬಿಗಿತ ಸರಿಯಾದ ಮೇಲೆ ಮಾಮೂಲಿ ಕ್ಲಿಯರೆನ್ಸ್‌ಗೆ ಮರಳಬಹುದಲ್ಲವೇ ಎಂಬ ಪ್ರಶ್ನೆ ಬಂತು. ಸಿ3 ಅನ್ನೇ ಉಳಿಸಿಕೊಳ್ಳಲು ನಿರ್ಧರಿಸಲಾಯಿತು. ಬಿಸಿ ಶಾಫ್ಟಿನಿಂದಾಗಿ ಒಳ ಉಂಗುರ ಹೊರ ಉಂಗುರಕ್ಕಿಂತ 10 ಡಿಗ್ರಿ ಹೆಚ್ಚು ಬಿಸಿಯಾದರೂ ಈ ಗಾತ್ರದಲ್ಲಿ ಸುಮಾರು 12 ಮೈಕ್ರಾನ್ ಕ್ಲಿಯರೆನ್ಸ್ ಹೋಗುತ್ತದೆ. ಅದೇ ಸಿ3, ಮೊದಲು ತಪ್ಪು ಕಾರಣಕ್ಕೆ ಬಂದಿತ್ತು, ಈಗ ಸರಿಯಾದ ಲೆಕ್ಕದ ಮೇಲೆ ಉಳಿಯಿತು.

ಜೋಡಣೆಯ ದಿನ ಹೊಸ ಬೇರಿಂಗ್‌ಗಳ ಪೊಟ್ಟಣವನ್ನು ಕೂರಿಸುವ ಕ್ಷಣದವರೆಗೆ ಬಿಚ್ಚಲಿಲ್ಲ. ಮೇಲಿನ ರಕ್ಷಕ ಎಣ್ಣೆಯನ್ನು ತೊಳೆಯಲಿಲ್ಲ, ರಂಧ್ರ ಮತ್ತು ಹೊರಮೈಯನ್ನಷ್ಟೇ ಎಳೆ ಬಿಡದ ಬಟ್ಟೆಯಿಂದ ಒರೆಸಲಾಯಿತು. ಹಿಂದೆ ಬಳಸುತ್ತಿದ್ದ ಹತ್ತಿ ವೇಸ್ಟಿನ ನೂಲುಗಳು ಹಳೆಯ ಗ್ರೀಸಿನಲ್ಲಿ ಸಿಕ್ಕಿದ್ದವು. ಹೀಟರ್‌ನ ಉಷ್ಣತಾ ಸಂವೇದಕವನ್ನು ಒಳ ಉಂಗುರದ ಮೇಲಿಟ್ಟು 110 ಡಿಗ್ರಿಗೆ ಬಿಸಿ ಮಾಡಿ, ಬೇರಿಂಗ್ ಮೇಲೆ ಕಾಂತೀಯತೆ ಉಳಿಯದಂತೆ ಹೀಟರ್‌ನ ಡಿಮ್ಯಾಗ್ನೆಟೈಸ್ ಹಂತ ಮುಗಿದ ಮೇಲೆಯೇ ಎತ್ತಲಾಯಿತು. ಕಾಂತೀಯತೆ ಉಳಿದರೆ ಲೋಹದ ಪುಡಿ ಗುಂಡುಗಳಿಗೆ ಅಂಟಿಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಕಡೆ ಇದನ್ನು ಕಡೆಗಣಿಸುವುದನ್ನು ಕಂಡಿದ್ದೇನೆ. ಬಿಸಿ ಬೇರಿಂಗ್ ತಣ್ಣಗಾಗುವಾಗ ವ್ಯಾಸದಲ್ಲಿ ಮಾತ್ರವಲ್ಲ, ಅಗಲದಲ್ಲೂ ಕುಗ್ಗುತ್ತದೆ. ಶೋಲ್ಡರ್‌ಗೆ ತಾಗಿಸಿ ಕೈಬಿಟ್ಟರೆ ಅದು ಶಾಫ್ಟನ್ನು ಹಿಡಿದುಕೊಳ್ಳುವ ಹೊತ್ತಿಗೆ ಶೋಲ್ಡರ್‌ನಿಂದ ಕೂದಲೆಳೆಯಷ್ಟು ದೂರ ಸರಿದಿರುತ್ತದೆ. ಆದ್ದರಿಂದ ಒಳ ಉಂಗುರದ ಮೇಲೆ ಸ್ಲೀವ್ ಇಟ್ಟು, ಬೇರಿಂಗ್ ಶಾಫ್ಟನ್ನು ಹಿಡಿಯುವವರೆಗೂ ಒತ್ತಿ ಹಿಡಿಯಲಾಯಿತು. ತಣಿದ ಮೇಲೆ ಶೋಲ್ಡರ್ ಮತ್ತು ಒಳ ಉಂಗುರದ ನಡುವೆ 0.05 ಮಿಲಿಮೀಟರ್ ಫೀಲರ್ ಗೇಜಿನ ಎಲೆ ಎಲ್ಲಿಯೂ ತೂರದಿರುವುದನ್ನು ಖಚಿತಪಡಿಸಿಕೊಂಡು, ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಲಾಯಿತು. ಈ ಸಲ ಇಡೀ ಜೋಡಣೆ ಹೌಸಿಂಗನ್ನು ಬಿಸಿ ಮಾಡದೆಯೇ ಕೈಯ ಬಲಕ್ಕೆ ಜಾರಿ ಒಳಸೇರಿತು.

ಫಲಿತಾಂಶ ಮತ್ತು ಕಲಿತದ್ದು

ಮೊದಲ ದಿನವೇ ಹೌಸಿಂಗ್‌ನ ಉಷ್ಣತೆ ಹಿಂದಿಗಿಂತ ಗಣನೀಯವಾಗಿ ಕೆಳಗೆ ನಿಂತಿತು. ಇದನ್ನು ಬರೆಯುವ ಹೊತ್ತಿಗೆ ಬೇರಿಂಗ್‌ಗಳು ಒಂದು ವರ್ಷವನ್ನು ದಾಟಿ ಓಡುತ್ತಿವೆ. 75 ಮತ್ತು 122 ಹರ್ಟ್ಸ್ ಎರಡರಲ್ಲೂ ಏರಿಕೆಯಿಲ್ಲ. ಲೆಕ್ಕದ 42,000 ಗಂಟೆಯನ್ನು ಅವು ಮುಟ್ಟುತ್ತವೆಂದು ಇಷ್ಟರಿಂದಲೇ ಹೇಳಲಾಗದು. ಹಿಂದಿನ ಯಾವ ಬೇರಿಂಗೂ ಇದರ ಅರ್ಧ ಕಾಲವನ್ನೂ ಕಂಡಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಬಲವನ್ನು ಯಾವ ಉಂಗುರ ಬಿಗಿಯಾಗಿ ಕೂರುತ್ತದೋ ಆ ಉಂಗುರದ ಮೇಲೆಯೇ ಹಾಕಬೇಕೆಂಬ ನಿಯಮ ಎಲ್ಲ ಕೈಪಿಡಿಗಳಲ್ಲೂ ಇದೆ, ಆ ಫಿಟ್ಟರ್‌ಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಪಾಲಿಸಲಾಗದಂತೆ ಮಾಡಿದ್ದು ಜೋಡಣೆಯ ಕ್ರಮ. ಕಡೆಯ ಬೇರಿಂಗ್ ಏಕಕಾಲಕ್ಕೆ ಶಾಫ್ಟಿಗೂ ಹೌಸಿಂಗ್‌ಗೂ ಹೋಗಬೇಕಾದಾಗ ಒಂದೇ ಉಂಗುರವನ್ನು ಒತ್ತುವುದು ಹೇಗೂ ತಪ್ಪೇ. ಅಂಥಲ್ಲಿ ಎರಡೂ ಉಂಗುರಗಳ ಮುಖಕ್ಕೆ ಒಟ್ಟಿಗೆ ತಾಗುವ ಚಪ್ಪಟೆ ತಟ್ಟೆಯಿಟ್ಟು ಪ್ರೆಸ್‌ನಿಂದ ಒತ್ತಬೇಕು, ಇಲ್ಲವೇ ಇಲ್ಲಿ ಮಾಡಿದಂತೆ ಆ ಪರಿಸ್ಥಿತಿಯೇ ಬಾರದಂತೆ ಕ್ರಮವನ್ನು ಬದಲಿಸಬೇಕು. ಹೀಗಾಗಿ ಫಿಟ್ಟರ್‌ನ ಕೌಶಲವನ್ನು ದೂರುವ ಮೊದಲು ಕೆಲಸದ ಕ್ರಮ ಅವರಿಗೆ ಸರಿಯಾಗಿ ಮಾಡುವ ಅವಕಾಶ ಕೊಟ್ಟಿದೆಯೇ ಎಂದು ನೋಡುವುದು ನ್ಯಾಯ. ಇದೇ ಕ್ರಮವನ್ನು ಸೀಲ್ ಇರುವ, ಗ್ರೀಸ್ ತುಂಬಿಯೇ ಬರುವ ಬೇರಿಂಗ್‌ಗಳಿಗೆ ಅನ್ವಯಿಸುವವರು 110 ಡಿಗ್ರಿಯನ್ನು ಮರೆಯಬೇಕು. ಸೀಲ್ ಮತ್ತು ಗ್ರೀಸ್ ಹಾಳಾಗದಂತೆ ಅವನ್ನು 80 ಡಿಗ್ರಿಯೊಳಗೇ ನಿಲ್ಲಿಸಬೇಕು.

ಕಾರ್ಖಾನೆ ಈಗ ಪ್ರತಿ ಜೋಡಣೆಗೆ ಒಂದು ಕಾರ್ಡ್ ಇಡುತ್ತದೆ. ಸೀಟಿನ ಅಳತೆ, ಬೋರ್‌ನ ಅಳತೆ, ಬಿಸಿ ಮಾಡಿದ ಉಷ್ಣತೆ, ಮುಚ್ಚಳದ ಅಂತರ ಬರೆಯದೆ ಉಗ್ರಾಣದಿಂದ ಬೇರಿಂಗ್ ಹೊರಬರುವುದಿಲ್ಲ. ರಿಪೇರಿಗೆ ಹೋಗುವ ಶಾಫ್ಟಿನ ಚೀಟಿಯಲ್ಲಿ ‘ಬಿಗಿಯಾಗಿ’ ಎಂಬ ಮಾತಿಗೆ ಬದಲು ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಮೈಕ್ರಾನ್‌ನಲ್ಲಿ ಬರೆಯಲಾಗುತ್ತದೆ. ಈ ಕಾರ್ಡನ್ನು ಮೊದಲ ಬಾರಿ ತುಂಬಿಸುವಾಗ ಹಿರಿಯ ಫಿಟ್ಟರ್ ಒಂದು ಮಾತು ಕೇಳಿದರು: ಉಗ್ರಾಣದಲ್ಲಿ ಬದಲಿಗಾಗಿ ಇಟ್ಟಿರುವ ಇನ್ನೊಂದು ಶಾಫ್ಟೂ ಅದೇ ವರ್ಕ್‌ಶಾಪಿನಿಂದ ಅದೇ ಥರದ ಚೀಟಿಯ ಮೇಲೆ ಬಂದದ್ದಲ್ಲವೇ? ತೆಗೆಸಿ ಅಳೆದಾಗ ಅದರ ಕಪ್ಲಿಂಗ್ ಬದಿಯ ಸೀಟು 50.028 ಇತ್ತು. ಅದನ್ನು ಅದೇ ವಾರ ಗ್ರೈಂಡಿಂಗ್‌ಗೆ ಕಳುಹಿಸಲಾಯಿತು.